ಆಲಿ, ಆಲಿಕಲ್ಲು

ಪ್ರಶ್ನೆ: ಆಲಿ ಎಂದರೆ ಕಣ್ಣುಗುಡ್ಡೆ. ಆಲಿಕಲ್ಲು ಕಣ್ಣಿನಂಥ ಕಲ್ಲೇ? ಚಳಿಗಾಲ ಬಿಟ್ಟು ಏಪ್ರಿಲ್ ಸೆಕೆಯಲ್ಲೇ ಅದು ಬೀಳುವುದೇಕೆ?

ಉತ್ತರ: ಕಣ್ಣಾಲಿಯನ್ನು ಪಕ್ಕಕ್ಕಿಡಿ. ಹಳಗನ್ನಡದಲ್ಲಿ ಬರೀ 'ಆಲಿ' ಎಂದರೂ ಆಲಿಕಲ್ಲೇ. ತಮಿಳರ 'ಆಲಂಗಟ್ಟಿ' ಇದರ ನಂಟು. ಉತ್ತರ ಕರ್ನಾಟಕದಲ್ಲಿ ಆಣೆಕಲ್ಲು, ಸಂಸ್ಕೃತದಲ್ಲಿ ಕರಕ.

ಸೆಕೆಯೇ ಇದರ ಮೂಲ. ಕಾದ ನೆಲದ ತೇವಗಾಳಿ ರಭಸದಿಂದ ಮೇಲೇರಿ ಗುಡುಗುಮೋಡವಾಗುತ್ತದೆ. ನಮ್ಮಲ್ಲಿ ಸುಮಾರು 5 ಕಿ.ಮೀ. ಮೇಲೆ ಉಷ್ಣಾಂಶ ಸೊನ್ನೆಗಿಂತ ಕೆಳಗೆ. ಅಲ್ಲಿ ಇನ್ನೂ ಹೆಪ್ಪುಗಟ್ಟದ ನೀರಹನಿಗಳು ಮಂಜಿನ ಹರಳಿಗೆ ತಾಗಿದೊಡನೆ ಗಡ್ಡೆಕಟ್ಟುತ್ತವೆ. ಮೇಲೇರುವ ಗಾಳಿ ಹೊರಲಾರದಷ್ಟು ತೂಕವಾದಾಗ ಕಲ್ಲು ಬೀಳುತ್ತದೆ. 5 ಮಿ.ಮೀ. ದಾಟಿದರೆ ಮಾತ್ರ ಆಲಿಕಲ್ಲು. ಮುಂಗಾರಿನ ಮೋಡಕ್ಕೆ ಅಷ್ಟು ರಭಸವಿಲ್ಲ. ಸಣ್ಣ ಕಲ್ಲು ದಾರಿಯಲ್ಲೇ ಕರಗುತ್ತದೆ.

ದೊಡ್ಡದೊಂದು ಸಿಕ್ಕರೆ ಫ್ರೀಜರ್‌ನಲ್ಲಿಟ್ಟು ಬಿಸಿ ಚಾಕುವಿನಿಂದ ಸೀಳಿ: ಈರುಳ್ಳಿಯಂತೆ ಪದರಗಳು. ಬೇಗ ಹೆಪ್ಪುಗಟ್ಟಿದ್ದರಲ್ಲಿ ಗಾಳಿಗುಳ್ಳೆ ಸಿಕ್ಕಿ ಹಾಲುಬಿಳುಪು, ನಿಧಾನವಾದದ್ದು ಗಾಜಿನಂತೆ ತಿಳಿ.

ಬೆಳೆಗೆ ಫಸಲ್ ಬಿಮಾ ಮಾಡಿಸಿದ್ದರೆ 72 ಗಂಟೆಯೊಳಗೆ ಹಾನಿ ತಿಳಿಸಬೇಕು. ಫೋಟೊ ತೆಗೆಯದೆ ಹೊಲ ಹಸನು ಮಾಡಿಬಿಡುವುದು ಅನೇಕರು ಮಾಡುವ ತಪ್ಪು.