ಎರೆನೆಲದಲ್ಲಿ ಚೈನ್ ಡೋಜರ್ ಎತ್ತುವ ಬಗೆ

ಪ್ರಶ್ನೆ: ಕೃಷಿಹೊಂಡದ ಕೆಲಸಕ್ಕೆಂದು ಸುಮಾರು 12 ಟನ್ ತೂಕದ ಹಳೆಯ ಚೈನ್ ಡೋಜರ್ ಒಂದನ್ನು ಕೊಂಡಿದ್ದೇನೆ. ಬಲಬದಿಯ ಚೈನಿನ ಮೇಲೆ ಉರುಳುತ್ತ ಯಂತ್ರದ ಭಾರ ಹೊರುವ ತಳರೋಲರುಗಳಲ್ಲಿ ಎರಡರಿಂದ ಎಣ್ಣೆ ಸೋರುತ್ತಿದೆ. ಯಂತ್ರ ಎರೆಹೊಲದಲ್ಲಿಯೇ ನಿಂತಿದೆ. ಬ್ಲೇಡನ್ನು ನೆಲಕ್ಕೆ ಒತ್ತಿ ಮುಂಭಾಗ ಎತ್ತಿಕೊಂಡು ರೋಲರ್ ಬದಲಿಸಬಹುದು ಎಂದು ಆಪರೇಟರ್ ಹೇಳುತ್ತಾರೆ. ಇದು ಸರಿಯೇ?
– ಓದುಗರು, ನವಲಗುಂದ ತಾಲ್ಲೂಕು

ಉತ್ತರ: ಎತ್ತುವುದಕ್ಕೆ ಸರಿ, ಎತ್ತಿ ಹಿಡಿದಿಡುವುದಕ್ಕೆ ಖಂಡಿತ ಸರಿಯಲ್ಲ. ಬ್ಲೇಡಿನ ಮೇಲೆ ನಿಂತ ಡೋಜರನ್ನು ಹೊತ್ತಿರುವುದು ಪೈಪಿನೊಳಗಿನ ಎಣ್ಣೆ ಮಾತ್ರ. ಹಳೆಯ ಪೈಪು ಒಡೆದರೆ ಅಥವಾ ಯಾರದೋ ಕೈ ಲಿವರಿಗೆ ತಗುಲಿದರೆ ಕೆಳಗಿರುವವರಿಗೆ ಹೊರಳಲೂ ಸಮಯವಿರುವುದಿಲ್ಲ. ಹೈಡ್ರಾಲಿಕ್ ಜಾಕಿಗೂ ಇದೇ ಮಾತು ಸಲ್ಲುತ್ತದೆ. ಎತ್ತಿದ ಭಾರವನ್ನು ಗಟ್ಟಿಮರದ ಸ್ಲೀಪರುಗಳ (ದಪ್ಪ ತೊಲೆಗಳ) ಅಟ್ಟಿಯೇ ಹೊರಬೇಕು.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ನೆಲ. ನಿಮ್ಮ ಗಾತ್ರದ ಡೋಜರಿನ ಒಂದೊಂದು ಚೈನು ಸುಮಾರು 45 ಸೆಂಟಿಮೀಟರ್ ಅಗಲ, 220 ಸೆಂಟಿಮೀಟರ್ ಉದ್ದಕ್ಕೆ ನೆಲವನ್ನು ಮುಟ್ಟುತ್ತದೆ ಎಂದುಕೊಂಡರೆ, ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಭಾರ 0.6 ಕಿಲೋಗ್ರಾಂ ಮಾತ್ರ. ಕೆಸರಿನಲ್ಲೂ ಅದು ಸುಲಭವಾಗಿ ಹೂತುಹೋಗದಿರುವುದು ಇದರಿಂದಲೇ. ಅದೇ ಯಂತ್ರದ ಅರ್ಧ ತೂಕವನ್ನು 12 ಸೆಂಟಿಮೀಟರ್ ಚೌಕದ ಜಾಕ್ ಬುಡದ ಮೇಲೆ ಹೇರಿದರೆ ಒತ್ತಡ 40 ಕಿಲೋಗ್ರಾಂ ದಾಟುತ್ತದೆ. ಮಳೆಯುಂಡ ಎರೆಮಣ್ಣು ಇದನ್ನು ತಾಳದು. ಜಾಕ್ ನೇರವಾಗಿ ಇಳಿಯದೆ ವಾಲುತ್ತದೆ, ಯಂತ್ರ ಜಾರುತ್ತದೆ. ಆದ್ದರಿಂದ ಚೈನು ಇನ್ನೂ ತಿರುಗುವಂತಿದ್ದರೆ ಡೋಜರನ್ನು ಮೆಲ್ಲಗೆ ಗಟ್ಟಿಯಾದ ಸಮತಟ್ಟು ಜಾಗಕ್ಕೆ ನಡೆಸಿಕೊಂಡು ಹೋಗಿ. ಅಲ್ಲಿಯೂ ಜಾಕಿನ ಕೆಳಗೆ ಸ್ಲೀಪರುಗಳನ್ನು ಒತ್ತಾಗಿ ಹಾಸಿ, ಮೇಲೆ ದಪ್ಪ ಉಕ್ಕಿನ ಹಲಗೆ ಇಡಿ. ಸಿಮೆಂಟ್ ಬ್ಲಾಕ್, ಇಟ್ಟಿಗೆ ಬೇಡವೇ ಬೇಡ: ಮರ ಮುರಿಯುವ ಮೊದಲು ನರಳುತ್ತದೆ, ಅವು ಸದ್ದಿಲ್ಲದೆ ಪುಡಿಯಾಗುತ್ತವೆ.

ಎತ್ತುವ ಮೊದಲು ಎಡಚೈನಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಟ್ಟು, ಬಲಚೈನನ್ನು ಸಡಿಲಿಸಬೇಕು. ಚೈನನ್ನು ಬಿಗಿಯಾಗಿಡುವ ಅಡ್ಜಸ್ಟರಿನೊಳಗಿನ ಗ್ರೀಸ್ ಭಾರಿ ಒತ್ತಡದಲ್ಲಿರುವುದರಿಂದ ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ಬಿಚ್ಚಬೇಡಿ, ಅದರ ನೇರಕ್ಕೆ ಮುಖವೊಡ್ಡಬೇಡಿ. ಚಿಮ್ಮಿದ ಗ್ರೀಸ್ ಚರ್ಮದೊಳಗೆ ಹೊಕ್ಕರೆ, ಗಾಯ ಸೂಜಿಮೊನೆಯಷ್ಟೇ ಕಂಡರೂ ತಕ್ಷಣ ಶಸ್ತ್ರಚಿಕಿತ್ಸೆಯಿರುವ ಆಸ್ಪತ್ರೆಗೆ ಹೋಗಬೇಕು.

ಬಳಿಕ ಕೈಪಿಡಿ ತೋರಿಸಿದ ಜಾಗಕ್ಕೇ ಜಾಕ್ ಕೊಡಿ. ಇಂಜಿನ್ ಕೆಳಗಿನ ತಗಡು ಭಾರ ಹೊರುವುದಕ್ಕೆ ಇರುವುದಲ್ಲ. ಉಕ್ಕಿಗೆ ಉಕ್ಕು ಜಾರುವುದರಿಂದ ನಡುವೆ ಮರದ ತುಂಡಿರಲಿ. ಒಂದೊಂದು ಅಂಗುಲ ಎತ್ತಿದಂತೆಲ್ಲ ಸ್ಲೀಪರುಗಳನ್ನು ಅಡ್ಡಡ್ಡಲಾಗಿ ಪೇರಿಸುತ್ತ ಬನ್ನಿ. ರೋಲರುಗಳನ್ನು ಹಿಡಿದಿರುವ ಚೌಕಟ್ಟು ಹಲವು ಡೋಜರುಗಳಲ್ಲಿ ಮುಖ್ಯ ಚೌಕಟ್ಟಿಗೆ ಬಿಗಿದುಕೊಂಡಿರುವುದಿಲ್ಲ, ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಹಾಗಾಗಿ ಅದಕ್ಕೆ ಪ್ರತ್ಯೇಕ ಅಟ್ಟಿ ಬೇಕು. ಹೊಸಬರು ಮರೆಯುವುದು ಇದನ್ನೇ. ಕೊನೆಗೆ ಜಾಕ್ ಇಳಿಸಿ ಭಾರವನ್ನು ಅಟ್ಟಿಗಳ ಮೇಲೆ ಕೂರಿಸಿ, ಬ್ಲೇಡನ್ನು ನೆಲಕ್ಕಿಳಿಸಿ, ಇಂಜಿನ್ ನಿಲ್ಲಿಸಿ, ಕೀಲಿಕೈಯನ್ನು ರೋಲರ್ ಬಿಚ್ಚುವವರ ಜೇಬಿಗೇ ಕೊಡಿ.