ಇಟ್ಟಿಗೆ ಗೂಡಿನಿಂದ ತಪ್ಪಿಸಿಕೊಂಡು ಬಂದಿದ್ದಾರೆ, ಮುಂಗಡ ತೀರಿಸಬೇಕಾ?

ಪ್ರಶ್ನೆ: ನನ್ನ ಅಣ್ಣ, ಅತ್ತಿಗೆ 40,000 ರೂಪಾಯಿ ಮುಂಗಡ ಪಡೆದು ಮಧುಗಿರಿ ಹತ್ತಿರದ ಒಂದು ಇಟ್ಟಿಗೆ ಗೂಡಿಗೆ ಸೇರಿದ್ದರು. ನಾಲ್ಕು ವರ್ಷ ದುಡಿದರೂ ಸಾಲ ತೀರಲಿಲ್ಲ. ವಾರದ ಖರ್ಚಿಗೆ ಕೊಡುತ್ತಿದ್ದದ್ದು ಬಿಟ್ಟರೆ ಕೂಲಿ ಇಲ್ಲ. ಹಬ್ಬಕ್ಕೂ ಒಬ್ಬರನ್ನು ಉಳಿಸಿಕೊಂಡೇ ಇನ್ನೊಬ್ಬರನ್ನು ಕಳಿಸುತ್ತಿದ್ದರು. ಹೋದ ತಿಂಗಳು ಮಕ್ಕಳನ್ನು ಕಟ್ಟಿಕೊಂಡು ರಾತ್ರೋರಾತ್ರಿ ನಮ್ಮ ಮನೆಗೆ ಬಂದುಬಿಟ್ಟರು. ಈಗ ಮಾಲೀಕ ‘ಬಾಕಿ ಕಟ್ಟಿ, ಇಲ್ಲ ವಾಪಸ್ ಕಳಿಸಿ’ ಅಂತ ಊರ ಹಿರಿಯರ ಕೈಲಿ ಹೇಳಿಸುತ್ತಿದ್ದಾನೆ. ಏನು ಮಾಡಬೇಕು?
– ಓದುಗರೊಬ್ಬರು, ಪಾವಗಡ ತಾಲ್ಲೂಕು

ಉತ್ತರ: ಒಂದು ಪೈಸೆಯನ್ನೂ ಕಟ್ಟಬೇಡಿ. ನೀವು ಹೇಳಿದ್ದು ಜೀತವೇ. ಗೌಡರ ಹೊಲ, ಕೊಟ್ಟಿಗೆಯಲ್ಲಿ ದುಡಿದರೆ ಮಾತ್ರ ಜೀತ ಅಂತ ತುಂಬ ಜನ ತಿಳಿದಿದ್ದಾರೆ. ಹಾಗೇನಿಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಇಂಥ ಸಾಲವೇ ರದ್ದು. ಅದರ ಬಾಕಿ ಅಂತ ಹಣ ಇಸ್ಕೊಂಡರೆ ಮಾಲೀಕನಿಗೇ 3 ವರ್ಷದವರೆಗೆ ಜೈಲು. ಕಾಗದಪತ್ರ ಇಲ್ಲವಲ್ಲ ಅಂತ ಹೆದರಬೇಡಿ, ಇದು ಜೀತದ ಸಾಲ ಅಲ್ಲ ಅಂತ ತೋರಿಸುವ ಹೊಣೆ ಅವನದ್ದು. ಹಿರಿಯರ ರಾಜಿಗೂ ಹೋಗಬೇಡಿ. ಅಲ್ಲಿ ಒತ್ತಿದ ಹೆಬ್ಬೆಟ್ಟು ಹೊಸ ಸಾಲಪತ್ರವಾಗಿ ಎದುರು ಬರಬಹುದು.

ಈಗ ಬೇಕಾದದ್ದು ಬಿಡುಗಡೆ ಪತ್ರ, ಅಂದರೆ ಇವರು ಜೀತದಿಂದ ಬಿಡುಗಡೆಯಾದವರು ಅಂತ ಸರ್ಕಾರ ಕೊಡುವ ಪತ್ರ. ಮಧುಗಿರಿಯ ಎಸಿ, ಅಂದರೆ ಉಪವಿಭಾಗಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಅತ್ತಿಗೆಯ ಹೆಸರಲ್ಲಿ ಬೇರೆಯೇ ಅರ್ಜಿ ಇರಲಿ. ಮುಂಗಡ ಪಡೆದವನು ಗಂಡ ಅಂತ ಅವನೊಬ್ಬನ ಹೆಸರು ಬರೆದು ಮುಗಿಸುವುದುಂಟು. ಇಟ್ಟಿಗೆ ಹೊತ್ತವಳು ಅವಳೂ ಅಲ್ವಾ? ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ಗಂಡಸಿಗೆ 1 ಲಕ್ಷ, ಹೆಂಗಸಿಗೆ 2 ಲಕ್ಷ ರೂಪಾಯಿ ಇದೆ. ಅದರಲ್ಲಿ 30,000ದವರೆಗೆ ತಕ್ಷಣದ ನೆರವು. ಉಳಿದದ್ದು ಮಾಲೀಕನ ಮೇಲಿನ ಕೇಸಿನ ಜೊತೆ ನಿಧಾನವಾಗಿ ಬರುವ ದುಡ್ಡು, ಅದನ್ನು ನಂಬಿ ಕೈಸಾಲ ಮಾಡಬೇಡಿ.

ವಿಚಾರಣೆಯಲ್ಲಿ ಮುಂಗಡ ಯಾರು ಕೊಟ್ಟರು, ಎಷ್ಟು, ವಾರಕ್ಕೆ ಏನು ಸಿಗುತ್ತಿತ್ತು ಅಂತ ಕೇಳುತ್ತಾರೆ. ಈಗಲೇ ಬರೆದಿಡಿ. ಹಬ್ಬಕ್ಕೆ ಒಬ್ಬರನ್ನು ಉಳಿಸಿಕೊಳ್ಳುತ್ತಿದ್ದ ವಿಷಯ ಬಿಡಲೇಬೇಡಿ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಉಚಿತ ವಕೀಲರಿಗೆ 15100ಕ್ಕೆ ಫೋನ್ ಮಾಡಿ.

ನನಗೆ ಜಾಸ್ತಿ ಭಯ ಇರುವುದು ಮುಂದಿನ ಆರು ತಿಂಗಳದ್ದು. ಕೈ ಖಾಲಿಯಾದಾಗ ಇನ್ನೊಬ್ಬ ಮೇಸ್ತ್ರಿ ಮುಂಗಡ ಹಿಡಿದು ಬಾಗಿಲಿಗೆ ಬರುತ್ತಾನೆ. ಅಷ್ಟರೊಳಗೆ ಪಂಚಾಯ್ತಿಯಲ್ಲಿ ಉದ್ಯೋಗ ಖಾತ್ರಿ ಕಾರ್ಡ್, ರೇಷನ್ ಕಾರ್ಡ್, ಅತ್ತಿಗೆಗೆ ಬ್ಯಾಂಕ್ ಖಾತೆ ಆಗಲಿ. ಮಕ್ಕಳನ್ನು ನಾಳೆಯೇ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋಗಿ. ಟಿಸಿ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು.