ಹಾಳಾದ ಮಣ್ಣು ನೆಲ ಅಗೆಯುವ ಪ್ರಾಣಿಗಳಿಂದ ಚೇತರಿಸಿಕೊಳ್ಳುತ್ತದೆ ಅಂತಾರಲ್ಲ, ಅದು ಹೇಗೆ?

ಬರಡು ನೆಲದಲ್ಲಿ ಮಳೆ ಕಡಿಮೆ ಎನ್ನುವುದಕ್ಕಿಂತ, ಬಿದ್ದ ಮಳೆ ಒಳಗಿಳಿಯುವುದಿಲ್ಲ ಎನ್ನುವುದೇ ಎಷ್ಟೋ ಸಲ ದೊಡ್ಡ ತೊಂದರೆ. ದನಕುರಿಗಳು ತುಳಿದು, ಬಿಸಿಲಿಗೆ ಬೆಂದು ಮೇಲ್ಮಣ್ಣು ಹೆಂಚಿನಂತೆ ಗಟ್ಟಿಯಾಗಿರುತ್ತದೆ. ನೀರು ಹರಿದುಹೋಗುವಾಗ ಬೀಜವನ್ನೂ ತರಗೆಲೆಯನ್ನೂ ಹೊತ್ತೊಯ್ಯುತ್ತದೆ. ಅಗೆಯುವ ಪ್ರಾಣಿಗಳು ಈ ಗಟ್ಟಿ ಪದರವನ್ನು ಒಡೆಯುತ್ತವೆ.

ಆಸ್ಟ್ರೇಲಿಯಾದ ಬಿಲ್ಬಿ ಎಂಬ ಉದ್ದ ಕಿವಿಯ ಸಣ್ಣ ಪ್ರಾಣಿ ಹುಳು, ಗೆಡ್ಡೆ ಹುಡುಕುತ್ತ ತೋಡಿಬಿಟ್ಟ ಗುಂಡಿಯನ್ನೇ ತೆಗೆದುಕೊಳ್ಳಿ. ಗೇಣುದ್ದಕ್ಕಿಂತ ಹೆಚ್ಚೇನೂ ಆಳವಿರುವುದಿಲ್ಲ. ಗಾಳಿಗೆ ಹಾರಿಬಂದ ಎಲೆ, ಹಿಕ್ಕೆ, ಬೀಜ ಅದರೊಳಗೆ ಸೇರಿಕೊಳ್ಳುತ್ತವೆ, ಮಳೆನೀರು ನಿಂತು ಇಂಗುತ್ತದೆ. ತಳಕ್ಕೆ ನೆರಳಿರುವುದರಿಂದ ತೇವ ಬೇಗ ಆರದು. ಎಲೆ ಕೊಳೆತು ಗೊಬ್ಬರವಾಗುತ್ತದೆ, ಸುತ್ತಲೂ ಒಣಗಿದ್ದರೂ ಅಲ್ಲಿ ಮೊಳಕೆ ಕಾಣಿಸುತ್ತದೆ.

ಒಂದು ಗುಂಡಿಯಿಂದ ಏನಾದೀತು ಅನ್ನಬಹುದು. ಅಲ್ಲಿನದೇ ವೊಯ್ಲಿ ಎಂಬ ಪ್ರಾಣಿ ತೂಗುವುದು ಒಂದೂಕಾಲು ಕಿಲೋ ಆಸುಪಾಸು, ಆದರೆ ವರ್ಷಕ್ಕೆ ಸುಮಾರು 5 ಟನ್ ಮಣ್ಣು ಮಗುಚುತ್ತದೆ! ನೆಲದಡಿಯ ಅಣಬೆ ಅದರ ಮುಖ್ಯ ಆಹಾರ. ಮರದ ಬೇರಿಗೆ ನೀರು, ಪೋಷಕಾಂಶ ಒದಗಿಸುವ ಆ ಶಿಲೀಂಧ್ರಗಳ ಬೀಜಕಣಗಳು ಹಿಕ್ಕೆಯ ಮೂಲಕ ಊರೆಲ್ಲ ಹರಡುತ್ತವೆ. ಗೆದ್ದಲು, ಎರೆಹುಳುಗಳೂ ಮಣ್ಣು ಮಗುಚುವ ಕೆಲಸ ಮಾಡುತ್ತವೆ.

ನರಿ, ಬೆಕ್ಕುಗಳ ಹಾವಳಿಯಿಂದ ಆಸ್ಟ್ರೇಲಿಯಾದ ಇಂಥ ಹಲವು ಪ್ರಾಣಿಗಳು ತಮ್ಮ ಹಳೆಯ ನೆಲೆಗಳಿಂದ ಕಣ್ಮರೆಯಾದವು. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1997ರಲ್ಲಿ ಶುರುವಾದ ಆರಿಡ್ ರಿಕವರಿ ಯೋಜನೆ ನರಿ, ಬೆಕ್ಕು ನುಗ್ಗದ ಬೇಲಿಯೊಳಗೆ ಬಿಲ್ಬಿಗಳನ್ನೂ ವೊಯ್ಲಿಯ ಹತ್ತಿರದ ಬಳಗದ ಬೆಟಾಂಗ್‌ಗಳನ್ನೂ ಮರಳಿ ತಂದಿತು. ಆದರೆ ಅಲ್ಲೂ ಬೆಟಾಂಗ್‌ಗಳ ಸಂಖ್ಯೆ ಮಿತಿಮೀರಿ ಗಿಡಗಳನ್ನೇ ಮೇಯ್ದು ಹಾಳುಮಾಡಿದವು. ಹೊರಗಿನಿಂದ ಬಂದ ಮೊಲವೂ ಅಗೆಯುತ್ತದೆ, ಉಪಕಾರಕ್ಕಿಂತ ಹಾನಿಯೇ ಹೆಚ್ಚು.